ನಾಲ್ಕನೆಯ ಬೋಲ್ಟು

ಪಟ್ಟಿಯಲ್ಲಿ ಇಲ್ಲದ್ದೆಲ್ಲ ಹೋಗಬೇಕು, ಅಂದಿದ್ದರು ನೋಟರಿ ಬೆರ್ರುತಿ.
ಐವತ್ತೊಂದರ ಆಸ್ಟಿನ್, ಹಡಗಿನಿಂದ ಇಳಿದ ದಿನ ಹೇಗಿತ್ತೋ ಹಾಗೆ.
ಹೋಯಿತು ಪ್ಲಾಸ್ಟಿಕ್ಕಿನ ಹಾರ್ನು, ಹೋಯಿತು ಹುಲಿಪಟ್ಟೆಯ ಸೀಟು,
ಯಾರೋ ಅಂಟಿಸಿದ ಫುಟ್‌ಬಾಲ್ ಕ್ಲಬ್ಬಿನ ಬಿಲ್ಲೆ ಉಗುರಿಗೇ ಎದ್ದು ಬಂತು.
ಉಳಿದದ್ದು ಹಿಂದೆ, ಹೊಟ್ಟೆಯಡಿ,
ಟ್ರೇಲರ್ ಎಳೆಯುವ ಕೊಕ್ಕೆ.

ಯಾವ ಕಂಪನಿಯದೂ ಅಲ್ಲ. ರೈಲು ಹಳಿಯ ತುಂಡೋ
ನೇಗಿಲ ಗುಳವೋ, ಕಾಸಿ ಬಗ್ಗಿಸಿ ಮಾಡಿದ್ದು.
ಬೋಲ್ಟಿನ ತಲೆಗಳು ಇಂಚಿಗೂ ಒಗ್ಗವು, ಮಿಲಿಮೀಟರಿಗೂ ಒಗ್ಗವು,
ನನ್ನ ಗೋಡೆಯ ಎಪ್ಪತ್ತು ಸ್ಪ್ಯಾನರುಗಳಿಗೂ
ಬೆನ್ನು ತಿರುಗಿಸಿ ಕೂತವು.

ಸೋಮವಾರ ಗೇರ್‌ಬಾಕ್ಸಿನ ಕೆಂಪೆಣ್ಣೆಗೆ ಥಿನ್ನರ್ ಬೆರೆಸಿ ಕುಡಿಸಿದೆ.
ಮಂಗಳವಾರ ಮತ್ತೆ ಕುಡಿಸಿದೆ.
ಬುಧವಾರ ಮೊದಲನೆಯದು ಕೀರಲು ದನಿಯಲ್ಲಿ ಸಡಿಲಿತು,
ಎರಡನೆಯದರ ತಲೆ ಹಾರಿ ತಗಡಿಗೆ ಬಡಿದು
ಪಕ್ಕದ ಮನೆಯ ನಾಯಿ ಎದ್ದಿತು.
ಮೂರನೆಯದಕ್ಕೆ ಗರಗಸ.
ನಾಲ್ಕನೆಯದು
ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಪೆಟ್ರೋಲ್ ಟ್ಯಾಂಕು ಇಳಿಸಿ, ಹೊತ್ತೊಯ್ದು, ಅಂಗಳದಾಚೆ ಇಟ್ಟು
ಗ್ಯಾಸ್ ಹಚ್ಚಿದೆ. ನಟ್ಟು ಕೆಂಡವಾದಾಗ
ಎಲ್ಬಿಯೊ ಮೇಣದ ಬತ್ತಿ ಒತ್ತಿ ಹಿಡಿದ;
ಕರಗಿದ್ದು ಎಳೆ ಎಳೆಯೊಳಗೆ ಇಳಿಯಿತು,
ಇಗರ್ಜಿಯ ವಾಸನೆ ಬಂತು, ಆ ವಾಸನೆಯಲ್ಲೇ ಬೈದೆವು,
ಮಾಡಿದವನನ್ನು, ಅವನನ್ನು ಹೆತ್ತವಳನ್ನು,
ಅವನು ಎಳೆದೊಯ್ದಿರಬಹುದಾದ ದೋಣಿಯನ್ನೋ ಜೇನುಪೆಟ್ಟಿಗೆಯನ್ನೋ.
ಪೈಪ್ ರೆಂಚಿಗೆ ಎರಡು ಮೀಟರ್ ಕೊಳವೆ ಸಿಕ್ಕಿಸಿ ಅದರ ಮೇಲೆ ನಿಂತೆ,
ಎಪ್ಪತ್ತೆರಡು ಕಿಲೊ ಹೆಂಗಸು, ಬೂಟು ಸೇರಿ.
ಬಗ್ಗಿದ್ದು ಕೊಳವೆ.

ಎಲ್ಬಿಯೊ ಸೋರೆಬುರುಡೆಗೆ ಬಿಸಿನೀರು ಸುರಿದು ಕಹಿ ಮಾತೆ ಕೊಟ್ಟ.
'ಇಷ್ಟು ಹಟ ಸುಮ್ಮನೆ ಬರೋದಿಲ್ಲ' ಅಂದ.
ಅವನ ಮಾತು ಯಾವತ್ತು ಕಿವಿಗೆ ಹಾಕಿಕೊಂಡಿದ್ದೇನೆ ನಾನು.

ಶನಿವಾರ ಮಧ್ಯಾಹ್ನ, ನದಿಯ ಕಡೆಯ ಕಿಟಕಿ ತೆರೆದಿತ್ತು:
ಸಿಳ್ಳೆಯಂಥ ಸಣ್ಣ ಸದ್ದು. ಕಾಲು ಸುತ್ತು. ಅರ್ಧ.
ವಾಷರಿನ ಜಾಗದಲ್ಲಿ ತೂತು ಕೊರೆದ ನಾಣ್ಯ,
ಹತ್ತು ಪೆಸೊ, ಈಗ ಒಂದು ಬೆಂಕಿಕಡ್ಡಿಯೂ ಸಿಗದ್ದು,
ಯಾರೋ ವೀರನ ಮೂಗಿನ ಮೇಲೇ ಬೋಲ್ಟಿನ ದಾರಿ.
ನಗು ಬಂತು. ಕೊಕ್ಕೆ ಕೈಗೆ ಬಂತು.
ಆಗ ಕಾರು, ಮುದಿ ಹಸುವಿನ ಹಾಗೆ,
ಹಿಂಗಾಲು ಮಡಚಿತು.

ಎರಡು ಬೆರಳು ಕುಸಿದಿತ್ತು, ಬಲಕ್ಕೆ.
ದೀಪ ಹಿಡಿದರೆ ಅಡ್ಡತೊಲೆಯಲ್ಲಿ ಬಿರುಕು,
ಹಳೆಯದು, ಅಂಚು ಕಪ್ಪಾದದ್ದು, ಅಂಗೈಯುದ್ದ,
ಸರಿಯಾಗಿ ಅದರ ಮೇಲೆಯೇ ಕೊಕ್ಕೆಯ ಪಟ್ಟಿ ಕೂತಿದ್ದ ಗುರುತು.
ಕೊಕ್ಕೆಯ ಗುಂಡು ನೋಡಿದೆ. ಒಂದು ಗೀರಿಲ್ಲ.
ಬಳಿದ ಗ್ರೀಸು ಬಳಿದ ಹಾಗೇ ಒಣಗಿದೆ,
ಬೆರಳಚ್ಚಿನ ಸಮೇತ.
ಒಂದು ದಿನವೂ ಏನನ್ನೂ ಎಳೆದಿರಲಿಲ್ಲ ಅದು.
ಮುರಿದ ಮೂಳೆಗೆ ಬಿದಿರ ದಬ್ಬೆ ಕಟ್ಟುವವರಂತೆ
ಯಾರೋ, ತೊಲೆ ಕೊಳ್ಳಲು ದುಡ್ಡಿಲ್ಲದವನು,
ನೆಂಟರೆದುರು ಅದನ್ನು ಹೇಳಲೂ ಆಗದವನು,
ಕೈಗೆ ಸಿಕ್ಕ ಕಬ್ಬಿಣದಿಂದ ಕಟ್ಟಿದ್ದ.

ಮರುವಾರ ನೋಟರಿ ಬಂದರು. ಬಗ್ಗಿ ನೋಡಿದರು, ಟೈ ಹಿಡಿದುಕೊಂಡು.
'ಬೆಸುಗೆ ಹಾಕಿ, ಮೇಲೊಂದು ಕೋಟು ಬಣ್ಣ' ಅಂದರು.
ಬೆಸುಗೆಯೂ ಪಟ್ಟಿಯಲ್ಲಿಲ್ಲ ಅಂತ ನಾನು ಅನ್ನಲಿಲ್ಲ;
ಬಿಲ್ಲು ಇನ್ನೂ ಬಾಕಿಯಿತ್ತು.
ಬೆಸೆದೆ, ಉಜ್ಜಿದೆ, ನಾಲ್ಕು ತೂತೂ ಮುಚ್ಚಿದೆ.
ಈಗ ಹುಡುಕಿದರೆ ನನಗೂ ಸಿಗವು.
ನಾಣ್ಯ ಎಲ್ಬಿಯೊನ ಕೀಲಿಗೊಂಚಲಲ್ಲಿದೆ, ತೂತು ಹೇಗೂ ಇತ್ತಲ್ಲ.

ಕೊಕ್ಕೆ ಗುಜರಿಗೆ ಹೋಗಲಿಲ್ಲ.
ತೆಂಕಣ ಬಯಲಿಂದ ಪಂಪೇರೊ ಗಾಳಿ ನುಗ್ಗಿ ಬರುವ ದಿನ
ಗ್ಯಾರೇಜಿನ ಬಾಗಿಲಿಗೆ ಒತ್ತು ಕೊಡುತ್ತೇವೆ.
ಇಡೀ ಪಾಯ್ಸಂದೂ ಪಟಪಟ ಮುಚ್ಚಿಕೊಳ್ಳುತ್ತದೆ.
ನಮ್ಮ ಬಾಗಿಲು ತೆರೆದೇ ಇರುತ್ತದೆ,
ಸ್ವಲ್ಪ ನಡುಗುತ್ತ.