ಬಿಲ್ಲಿಗೆ ಬಾರದ ಎರಡು ಪೆಗ್ಗು

ರುಕ್ಮಯಣ್ಣ, ಮುಂದಿನ ಶುಕ್ರವಾರ ನೀವು ಹೊರಡುವವರು.
ಕೇಳಿದಿರಿ, ಹೇಳುತ್ತೇನೆ. ಕೊನೆಯ ಸಂಗತಿ ಮಾತ್ರ
ಕಲ್ಯಾಣಿಯ ಎದುರು ತೆಗೆಯಬೇಡಿ.

ಬಲ್ಲಾರ್ಡ್ ಪಿಯರಿನಲ್ಲಿ ಬ್ಯಾಗು ಕೈಬಿಡುವ ಮೊದಲೇ
ಕೆಂಪು ಸ್ಕಾರ್ಫಿನ ಹುಡುಗಿಯೊಬ್ಬಳು ಎದುರಾಗುತ್ತಾಳೆ,
ಅನ್‌ಲಿಮಿಟೆಡ್ ಅಂಕಲ್, ಎಷ್ಟು ಬೇಕಾದರೂ.
ಘಾಟ್‌ಕೋಪರಿನ ಪರ್ಮಿಟ್ ರೂಮಿನ ಗಲ್ಲಾದಲ್ಲಿ
ಇಪ್ಪತ್ತೊಂಬತ್ತು ವರ್ಷ ಕೂತವನು ನಾನು.
ಎಷ್ಟು ಬೇಕಾದರೂ ಎಂಬುದು ಕಿವಿಗೆ ಬಿದ್ದರೆ ಸಾಕು,
ಕೈ ತನ್ನಷ್ಟಕ್ಕೆ ಪೆನ್ಸಿಲು ಹುಡುಕುತ್ತದೆ.

ರಾತ್ರಿಗೆ ಎರಡು ಸಾವಿರದ ಎಂಟುನೂರು.
ಅದರ ಮೇಲೆ ನೂರಕ್ಕೆ ಹದಿನೆಂಟು, ಇರುವೆಯಂಥ ಅಕ್ಷರದಲ್ಲಿ.
ಬಿಡಿಯಾಗಿ ಕುಡಿದರೆ ಪೆಗ್ಗು ಎಲ್ಲ ಸೇರಿ ನಾನೂರ ಇಪ್ಪತ್ತು.
ಅಂದರೆ ಏಳರ ತನಕ ಹಡಗಿನ ಲಾಭ,
ಎಂಟನೆಯದರಿಂದ ನಮ್ಮದು.
ಡಾಕ್ಟರು ಹೇಳಿದ್ದು ಎರಡು.
ಉಳಿದ ಆರನ್ನು ಅರಬ್ಬೀ ಸಮುದ್ರಕ್ಕೆ ತರ್ಪಣ ಬಿಡಲೇ?

ಇಷ್ಟಾದರೆ ತಡೆದುಕೊಳ್ಳಬಹುದಿತ್ತು.
ಒಂದೇ ಕ್ಯಾಬಿನಿನವರು ಇಬ್ಬರೂ ಕೊಳ್ಳಬೇಕಂತೆ,
ಒಬ್ಬರ ಗ್ಲಾಸಿಗೆ ಇನ್ನೊಬ್ಬರು ಬಾಯಿ ಇಡಬಾರದಂತೆ.
ಗ್ಯಾಸಿಗೆಂದು ಸೋಡ ಕುಡಿದವಳು ಕಲ್ಯಾಣಿ, ಅದೂ ವರ್ಷಕ್ಕೊಮ್ಮೆ.
ಗಿರಾಕಿಯ ಹೆಂಡತಿಗೂ ಬಿಲ್ಲು ಹಾಕುವ ಧೈರ್ಯ
ನಮ್ಮ ಧನಿಗಳಿಗೇ ಇರಲಿಲ್ಲ, ರುಕ್ಮಯಣ್ಣ,
ಮುಳ್ಳಿನಿಂದ ಎಣ್ಣೆ ತೆಗೆಯುವ ಆಸಾಮಿ ಅವರು.

ಬೇಡವೆಂದೆ.

ಕೋಣೆಯ ಮೇಜಿನ ಮೇಲೆ ನೀರಿನ ಬಾಟಲಿ ಇರುತ್ತದೆ, ಮುಟ್ಟಬೇಡಿ.
ಮುಚ್ಚಳ ಟಕ್ ಎಂದರೆ ನೂರ ತೊಂಬತ್ತು.
ಹತ್ತನೆಯ ಮಾಳಿಗೆಯಲ್ಲಿ ನೀರೂ ಚಹಾವೂ ಪುಕ್ಕಟೆ,
ಕಲ್ಯಾಣಿ ಫ್ಲಾಸ್ಕು ಹಿಡಿದು ದಿನಕ್ಕೆ ಐದು ಸಲ ಹತ್ತಿದಳು,
ಮಂಡಿನೋವು ನೆನಪಾಗಲಿಲ್ಲ ಅವಳಿಗೆ.
ವಾಟ್ಸಾಪಿಗೂ ದುಡ್ಡು. ಎರಡು ದಿನ
ನಿಮ್ಮ ಗುಡ್ ಮಾರ್ನಿಂಗ್ ಬಾರದಿದ್ದರೆ ಯಾರೂ ಅಳುವುದಿಲ್ಲ.

ನೋಟು ಎಲ್ಲಿಯೂ ನಡೆಯುವುದಿಲ್ಲ, ಕಾರ್ಡು ಮಾತ್ರ.
ನೋಟು ಬೆರಳು ಬಿಟ್ಟು ಹೋಗುವಾಗ
ಚರ್ಮಕ್ಕೆ ಒಂದು ಚುರುಕು ಇರುತ್ತದಲ್ಲ,
ಅದನ್ನು ತೆಗೆದುಹಾಕಿದ್ದಾರೆ. ನಿಜವಾದ ವ್ಯಾಪಾರ ಅದೇ.

ಎರಡನೆಯ ರಾತ್ರಿ ಬಾರಿನ ಎತ್ತರದ ಸ್ಟೂಲಿನಲ್ಲಿ ಕೂತೆ.
ಜನ್ಮದಲ್ಲಿ ಮೊದಲ ಸಲ ಕೌಂಟರಿನ ಆಚೆ ಬದಿ.
ಪಕ್ಕದಲ್ಲಿ ಕಲ್ಯಾಣಿ, ನಿಂಬೆಸೋಡದೊಂದಿಗೆ,
ನನ್ನ ಅಷ್ಟು ವರ್ಷಗಳ ಬಾರಿಗೆ ಒಮ್ಮೆಯೂ ಕಾಲಿಡದವಳು.
ಹೀಗಾ ನೀವು ಇರುತ್ತಿದ್ದದ್ದು, ಎಂದಳು.
ಬೆಳಕು ಇಷ್ಟಿರಲಿಲ್ಲ, ಎಂದೆ.

ಸುರಿಯುವವನು ಎವರಿಸ್ತು, ಕುಂಕಳ್ಳಿಯ ಹುಡುಗ.
ಅಳತೆಯ ಲೋಟವನ್ನು ಓರೆ ಮಾಡಲಿಲ್ಲ,
ಐಸಿನ ಹಿಂದೆ ಮೋಸ ಅಡಗಿಸಲಿಲ್ಲ.
ಇಂಥ ಕೈಯನ್ನು ನಾನು ಹಿಡಿದು ಇಟ್ಟುಕೊಳ್ಳುತ್ತಿದ್ದೆ.
ಅಷ್ಟರಲ್ಲಿ ಡಿಜೆ ಹತ್ತಿತು, ಪುಣೆಯ ಮದುವೆ ಗುಂಪು ನುಗ್ಗಿತು.

ಮುರಗಾಂವದ ದೀಪಗಳು ಕಾಣುವ ಹೊತ್ತಿಗೆ
ಬಾಗಿಲ ಸಂದಿಯಿಂದ ಬಿಲ್ಲು ಒಳಗೆ ಜಾರಿತು.
ಕನ್ನಡಕ ಹಾಕಿ ಟಿಕ್ಕು ಮಾಡುತ್ತ ಬಂದೆ.
ಸೋಡ ಇದೆ. ನಾವು ಕೊಳ್ಳದ ಫೋಟೋ ಕೂಡ ಇದೆ.
ರಾತ್ರಿಯ ಎರಡು ಪೆಗ್ಗು ಇಲ್ಲ.

ಸುಮ್ಮನಿರಿ, ಎಂದಳು ಕಲ್ಯಾಣಿ, ಹಾಸಿಗೆಯಿಂದಲೇ,
ಫೋಟೋದವರು ತಿಂದದ್ದಕ್ಕೆ ಸರಿಹೋಯಿತು.

ಸರಿಯೇ. ಆದರೆ ಸ್ಟಾಕು ಎಣಿಸುವವನೊಬ್ಬ
ಈಗ ಎಲ್ಲೋ ಕೆಳಗೆ ಬಾಟಲಿಯನ್ನು ಬೆಳಕಿಗೆ ಹಿಡಿದಿರುತ್ತಾನೆ.
ನಾನು ಹಿಡಿಯುತ್ತಿದ್ದ ಹಾಗೆಯೇ.
ಮಳೆಗಾಲದ ಒಂದು ತಿಂಗಳ ಕೊನೆಗೆ
ಬೋಳ ಎಂಬ ಹುಡುಗನ ಸಂಬಳದಿಂದ ಮೂರು ಪೆಗ್ಗು ಕಡಿದಿದ್ದೆ.
ಅವನು ಏನೂ ಹೇಳದೆ ನೋಟು ಎರಡು ಸಲ ಎಣಿಸಿದ್ದ.

ಕೌಂಟರಿನ ಎದುರು ಕ್ಯೂ ಲಿಫ್ಟಿನವರೆಗೆ.
ಹೆಚ್ಚು ಹಾಕಿದ್ದಾರೆಂದು ಎಲ್ಲರ ಕೈಯಲ್ಲೂ ಬಿಲ್ಲು.
ಮುಕ್ಕಾಲು ಗಂಟೆ ನಿಂತೆ. ನನ್ನ ಸರದಿಯಲ್ಲಿ
ಕಡಿಮೆ ಬಂದಿದೆ ಎಂದೆ.
ಹುಡುಗಿ ತಲೆ ಎತ್ತಿದಳು, ಪರದೆ ನೋಡಿದಳು,
ಅದಕ್ಕೆ ಯಾವ ಗುಂಡಿ ಒತ್ತಬೇಕೆಂದು
ಪಕ್ಕದವಳನ್ನು ಕೇಳಿದಳು.
ಪಕ್ಕದವಳಿಗೂ ಗೊತ್ತಿರಲಿಲ್ಲ.

ಫೋಟೋದ ದುಡ್ಡು ಕೇಳಲು ಮರೆತೆ.
ನೀವು ಮರೆಯಬೇಡಿ.