ಗೋಡೆಯಾಚೆಯ ಮಾತು

ಮೊದಲೇ ಹೇಳಿಬಿಡುತ್ತೇನೆ, ಇದ್ವಾಲ್, ನಾಯಿ ಚೆನ್ನಾಗಿದೆ.
ಈಗ ನನ್ನ ಅಡುಗೆಮನೆಯಲ್ಲಿ, ಒಲೆಯ ಮುಂದೆ,
ನನ್ನದೇ ಹಳದಿ ಟವಲಿನ ಮೇಲೆ ಬಿದ್ದುಕೊಂಡು
ಗೊರಕೆ ಹೊಡೆಯುತ್ತಿದೆ.
ಬ್ಯಾಂಗರ್ ಆಸ್ಪತ್ರೆಯಲ್ಲಿ ನೀನು
ಹೊಸ ಸೊಂಟ ಹಾಕಿಸಿಕೊಂಡು ಮಲಗಿರುವಾಗ
ಅರ್ಧ ಹೇಳಿ ಅರ್ಧ ನುಂಗಬಾರದು.
ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ಕಾರಣವಿದೆ, ಓದು.

ಬೇರೆ ಯಾರೂ ಸಿಗಲಿಲ್ಲವೆಂದು ಅಂಗಡಿಯ ಲೊವ್ರಿ
ಹಗ್ಗ ತಂದು ನನ್ನ ಕೈಗಿತ್ತಳು. ನನ್ನ ಕೈಗೆ!
ಆಯಿತು ಎಂದೆ. ಎರಡು ದಿನ ಸರಿಯಾಗಿಯೇ ಇತ್ತು.

ಇವತ್ತು ಕಲ್ಲುಗಣಿಯ ಹಿಂದಿನ ದಾರಿ ಹಿಡಿದೆ.
ಬೀಗ ಬಿದ್ದ ಚಾಪೆಲಿನ ಪಕ್ಕ, ಸ್ಲೇಟು ಚೂರಿನ ಗುಡ್ಡೆಯ ಬುಡಕ್ಕೆ,
ಎದೆಮಟ್ಟ ತುರಚೆ.
ಮೊಲವೋ, ಮೊಲದ ನೆನಪೋ,
ಪೆರೋ ಹಗ್ಗ ಕಿತ್ತುಕೊಂಡು ನುಗ್ಗಿತು.
ಮೂರು ನೆಗೆತ. ಆಮೇಲೆ ಒಂದು ಸದ್ದು:
ಬಾಗಿಲ ಸಂದಿಗೆ ಬೆರಳು ಸಿಕ್ಕ ಮಗು
ಅಳುವ ಮೊದಲು ಉಸಿರೆಳೆದುಕೊಳ್ಳುತ್ತದಲ್ಲ, ಹಾಗೆ.

ಬಾ ಎಂದೆ, ಇಂಗ್ಲಿಷಿನಲ್ಲಿ. ಬಾ ಪೆರೋ, ಜಾಣ, ಎಂದೆ.
ಮೂವತ್ತು ವರ್ಷ ಬರ್ನ್ಲಿಯ ಶಾಲೆಯಲ್ಲಿ
ಪುಂಡ ಹುಡುಗರನ್ನು ಬೆಂಚಿಗೆ ಅಂಟಿಸಿದ ದನಿ ನನ್ನದು.
ಅದಕ್ಕೆ ಕಿವಿಯೇ ಇಲ್ಲ. ನಿಂತಲ್ಲೇ ಗಿರಗಿರ ತಿರುಗಿ
ಉರಿಯುವ ಮೂತಿಯನ್ನು ತಂದು
ಉರಿಸಿದ ಗಿಡಕ್ಕೇ ಉಜ್ಜುತ್ತಿದೆ.
ನನ್ನ ನಾಯಿಗೆ ವೆಲ್ಷ್ ಬಿಟ್ಟು ಬೇರೆ ಬಾರದು
ಎಂದು ನೀನು ಹೇಳಿಕೊಂಡು ತಿರುಗುವುದನ್ನು
ಜಂಬವೆಂದುಕೊಂಡಿದ್ದೆ.

ಆಗ ಎಲ್ಲಿತ್ತೋ, ಬಾಯಿಗೆ ಬಂತು.
ಹನ್ನೆರಡು ವರ್ಷ, ದಿನಾ ಬೆಳಗ್ಗೆ,
ಗೋಡೆ ಹಾರಿ ನನ್ನ ಚಹಾದ ಬಟ್ಟಲಿಗೆ ಬಿದ್ದ ಮಾತು:
"ತಿದ್ ಅಮ!"
ಉಚ್ಚಾರ ಕೆಟ್ಟದ್ದೇ ಇರಬೇಕು.
ನಾಯಿ ತಲೆಯೆತ್ತಿ ನೋಡಿತು,
ಕುರಿ ಮಾತಾಡಿದರೆ ನೋಡುವ ಹಾಗೆ.
ಬಂತು.

ಹೊಟ್ಟೆಯಡಿ, ಕೂದಲು ತೆಳುವಾದಲ್ಲೆಲ್ಲ, ದದ್ದು.
ಮೂಗಿನ ತುದಿ ದಪ್ಪ. ಕಾಲು ಊರಲಾರದೆ
ಒಂದೊಂದಾಗಿ ಎತ್ತಿ ಎತ್ತಿ ಇಡುತ್ತದೆ.
ಕೈಗವಸು ಮನೆಯಲ್ಲಿ, ಮೊಳೆಗೆ ನೇತುಹಾಕಿದ್ದೇನೆ.
ಬರಿಗೈಯಲ್ಲೇ ಬಾಚಿ ಎತ್ತಿಕೊಂಡು
ತೊರೆಗಿಳಿದೆ, ಮಂಡಿಮಟ್ಟ, ಶೂ ಸಮೇತ,
ಅರವತ್ತೊಂಬತ್ತರ ಹೆಂಗಸು.

ತಣ್ಣೀರು ಹೊಯ್ಯಿರಿ, ತಿಕ್ಕಬೇಡಿ, ನೆಕ್ಕಲು ಬಿಡಬೇಡಿ,
ಎಂದಳು ಫೋನಿನಲ್ಲಿ ಪಶುವೈದ್ಯೆ, ಆ ನೋನ್ ಎಂಬ ಹುಡುಗಿ.
ಉಸಿರು ಹೇಗಿದೆ? ಕಣ್ಣು ಊದಿದೆಯೇ? ವಾಂತಿ?
ಹಾಗೇನಾದರೂ ಆದರೆ ಕೂಡಲೇ ಇಲ್ಲಿಗೆ.
ಮತ್ತೆ ಡಾಕ್ ಎಲೆ? ಎಂದೆ.
ನಕ್ಕಳು. ಅದು ನಿಮಗೆ, ನಾಯಿಗಲ್ಲ ಎಂದಳು.
ಏನೋ ಮಾಡಿದ ಹಾಗಾಗುತ್ತದೆ.

ಕಿತ್ತು ಹಿಂಡಿದೆ. ಏನೋ ಮಾಡಿದ ಹಾಗಾಯಿತು.

"ಆರೋಸ್" ಎಂದೆ. ಅದೂ ನಿನ್ನದೇ, ಗೇಟಿನ ಬಳಿಯದು.
ನಡುಗುತ್ತಲೇ ನಿಂತಿತು.
ಎಂದಿಗೂ ಡೊಂಕೆಂದು ಎಲ್ಲರೂ ಬೈಯುವ ಆ ಬಾಲ
ನೆಟ್ಟಗೆ ನೀರಿಗೆ ಇಳಿಬಿದ್ದಿತ್ತು.
ಡೊಂಕಾಗಲೆಂದು ಕಾದೆ. ಮುಕ್ಕಾಲು ಗಂಟೆ.
ಗೊತ್ತಿದ್ದುದು ಎರಡೇ ಮಾತು,
ಅವನ್ನೇ ತಿರುಗಿಸಿ ತಿರುಗಿಸಿ ಹೇಳಿದೆ:
ಬಾ, ನಿಲ್ಲು, ಬಾ, ನಿಲ್ಲು.

ಮನೆಗೆ ಬಂದು ಕೋಟು ಬಿಚ್ಚುವಾಗ
ತೋಳಿನ ಮಡಿಕೆಯಲ್ಲಿ ಒಂದು ಕರಿ ಕಂಬಳಿಹುಳ,
ಮೈತುಂಬ ಬಿಳಿ ಚುಕ್ಕೆ, ಸಣ್ಣ ಮುಳ್ಳು.
ಗುರುತು ಸಿಕ್ಕಿತು.
ನಿನ್ನ ಹಿತ್ತಲ ಮೂಲೆಯ ತುರಚೆ ಕಡಿಸಿ ಎಂದು
ಕೌನ್ಸಿಲ್ಲಿಗೆ ಅರ್ಜಿ ಹೋಗಿತ್ತಲ್ಲ,
ಇಲ್ಲಿ ಚಿಟ್ಟೆ ಮರಿಮಾಡುತ್ತದೆ ಎಂದು ನೀನು
ಅವರಿಗೆ ಎಲೆ ಮಗುಚಿ ತೋರಿಸುತ್ತಿದ್ದುದನ್ನು
ಪರದೆಯ ಹಿಂದೆ ನಿಂತು ನೋಡಿದ್ದೆ.
ಅರ್ಜಿ ನನ್ನದು. ನಿನಗೆ ಗೊತ್ತಿತ್ತೇನೋ.

ಹುಳವನ್ನು ಕಾಗದದ ಮೇಲೆ ಹತ್ತಿಸಿ
ಗೋಡೆಯ ಮೇಲಿಂದ ಬಗ್ಗಿ ನಿನ್ನ ಮೂಲೆಗೇ ಬಿಟ್ಟೆ.
ಮತ್ತೆ ಕುಟುಕಿಸಿಕೊಂಡೆ, ಮೊಣಕೈವರೆಗೆ.
ಈಗ ಪೆನ್ನು ಹಿಡಿದರೆ ಬೆರಳೆಲ್ಲ ಜುಮುಜುಮು.
ರಾತ್ರಿಯಿಡೀ ಇರುತ್ತದಂತೆ. ಇರಲಿ.

ನಾಳೆ ಲೊವ್ರಿ ಈ ಕಾಗದ ತರುತ್ತಾಳೆ,
ಅವಳ ಕೈಯಲ್ಲೇ ಒಂದು ಸಾಲು ಬರೆದು ಕಳಿಸು.
ಇಷ್ಟು ಬರೆಯುವಷ್ಟರಲ್ಲಿ ನಿನ್ನ ನಾಯಿ
ಟವಲು ಬಿಟ್ಟು ನನ್ನ ಕುರ್ಚಿ ಹತ್ತಿದೆ.
ಇಳಿ ಎನ್ನಲು ನಿಮ್ಮಲ್ಲಿ ಏನನ್ನುತ್ತಾರೆ?
ಅವಸರವೇನಿಲ್ಲ.