ಐವತ್ತರ ಗುಡ್ಡ

ಶಕ್ತಿನಗರದ ಸೂಗಪ್ಪನವರ ಮನೆಗೆ
ಐದು ಸ್ಪೀಕರು, ಒಂದು ಸಬ್‌ವೂಫರು, ಲ್ಯಾಪ್‌ಟಾಪು,
ಮೇಲೆ ಅಪ್ಪ ತುಂಬಿಕೊಟ್ಟ ಎರಡು ಹತ್ತಿಗಾದಿ
ಹೇರಿಕೊಂಡು ಹೋದೆ ಆಟೋದಲ್ಲಿ.
'ಟೀವಿ ಜೋಡಸ್ಲಾಕ ಬಂದವಗ ಗಾದಿ ಯಾಕೋ?'
ನಾಗಮ್ಮನವರು ಬಾಗಿಲಲ್ಲೇ ತಡೆದರು.
ಗೋಡೆಗ್ರೀ ಅಮ್ಮಾ, ಅಂದೆ.

ನಾವು ನದಾಫರು.
ತಾತನ ಬಿಲ್ಲಿನ ನರ ಟುಂಯ್ ಎಂದರೆ
ಹತ್ತಿ ಹಾರುವ ಕೋಣೆಯಲ್ಲಿ ಆ ಸದ್ದು
ಎರಡು ಮಾರು ನಡೆದು ಕೂತುಬಿಡುತ್ತಿತ್ತು.
ಹಿಂಜಿದ ಅರಳೆಯಲ್ಲಿ ಮಾರ್ದನಿಗೆ ಕಾಲೂರಲು ಜಾಗವಿಲ್ಲ:
ಇಷ್ಟು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಇಲ್ಲಿ ಶಾಬಾದಿ ಪರಸಿ, ಬೋಳು ಗೋಡೆ, ಗಾಜಿನ ಶೋಕೇಸು.
ಒಂದು ಚಪ್ಪಾಳೆ ತಟ್ಟಿದೆ,
ಬಡ್ಡಿ ಸಮೇತ ನಾಲ್ಕು ವಾಪಸು ಬಂದವು.

ಸಬ್‌ವೂಫರನ್ನು ಸೋಫಾದ ಮೇಲೆ ನೆಂಟನಂತೆ ಕೂರಿಸಿ
ಗುಮ್ ಗುಮ್ ಅನ್ನಿಸುತ್ತ
ಮೊಣಕಾಲೂರಿ ಗೋಡೆಗುಂಟ ತೆವಳಿದೆ, ಕಿವಿ ನೆಲದತ್ತ.
ಎಲ್ಲಿ ದನಿ ಊದುವುದಿಲ್ಲವೋ, ಸೊರಗುವುದಿಲ್ಲವೋ
ಅಲ್ಲೇ ಅದರ ಠಾವು.
ಮೊಮ್ಮಗ ಬೆನ್ನೇರಿ 'ಹೋಗಲೇ ಕುದರಿ' ಅಂದ.
ಟಿಪಾಯಿ ಪಕ್ಕದ ಮೂಲೆ ಸಿಕ್ಕಿತು, ಕುದುರೆ ನಿಂತಿತು.

ಆಮೇಲೆ ಮೈಕು. ಮೂರು ಕಾಲಿನ ಮೇಲೆ,
ಕೂತವರ ಕಿವಿಯೆತ್ತರಕ್ಕೆ, ಅಡಿಕೆಯಷ್ಟು ತಲೆ.
ಯಾರೂ ಉಸುರಬಾರದು, ಅಂದೆ.
ಫ್ಯಾನು ಬಂದ್. ಕೂಲರು ಬಂದ್. ಮೇ ತಿಂಗಳ ರಾಯಚೂರು.
ನೆಲದಡಿಯಿಂದೆಂಬಂತೆ ಊಂ ಎಂದೆದ್ದ ಸ್ವರ
ಏರಿ ಏರಿ ಸೊಳ್ಳೆಯಾಗಿ ಕಿವಿ ದಾಟುವಷ್ಟರಲ್ಲಿ
ಕುಕ್ಕರು ಕೂಗಿತು.
ಎರಡನೇ ಸಲ ಹಾಲಿನವನ ಹಾರನ್ನು.
ಮೂರನೆಯದು ದಕ್ಕಿತು. ಹೀಗೆ ಆರು ಜಾಗ,
ಆರು ಸಲ ಬೆವರು.

ಪರದೆಯ ಮೇಲೆ ಗೆರೆ ಮೂಡಿತು:
ತಗ್ಗು, ದಿಣ್ಣೆ, ಮತ್ತೆ ತಗ್ಗು,
ಐವತ್ತರ ಹತ್ತಿರ ಒಂದು ಗುಡ್ಡ.
ಗೋಡೆಯಿಂದ ಗೋಡೆಗೆ ಹನ್ನೊಂದೂಕಾಲು ಅಡಿ,
ಅರ್ಧ ಅಲೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ
ಇಲ್ಲಿ ಸರಿಯಾಗಿ ಕೂರುತ್ತದೆ, ಏಳುವುದಿಲ್ಲ.
ಒಂಬತ್ತು ಡೆಸಿಬೆಲ್ ಕೊಯ್ಯಲೇ, ಕೇಳಿತು ಸಾಫ್ಟ್‌ವೇರು.

ಸೂಗಪ್ಪನವರು ಕನ್ನಡಕ ಏರಿಸಿ ಬಗ್ಗಿದರು.
'ಐವತ್ತು ಅಂದ್ರ?'
ಸೆಕೆಂಡಿಗೆ ಐವತ್ತು ಸಲ್ರೀ.
'ಅಂದ್ರ ನಿಮಿಷಕ್ಕ ಮೂರು ಸಾವಿರ.'
ತುಸು ಹೊತ್ತು ಸುಮ್ಮನಿದ್ದರು.
'ಅದು ನಂದಪ್ಪ.'

ಮೂವತ್ತೆರಡು ವರ್ಷ ಟರ್ಬೈನಿನ ಮಗ್ಗುಲಲ್ಲಿ,
ಬೇರಿಂಗಿನ ಮೇಲೆ ಸಲಾಕೆಯ ಒಂದು ತುದಿ,
ಇನ್ನೊಂದು ತುದಿ ಕಿವಿಯ ಎಲುಬಿಗೆ.
ಮದುವೆ ಮಂಟಪದಲ್ಲೂ ಕೇಳುತ್ತಿತ್ತಂತೆ,
ಕೃಷ್ಣೆಯಲ್ಲಿ ಮುಳುಗು ಹಾಕಿದಾಗಲೂ.
ರಿಟೈರಾದ ರಾತ್ರಿ ಕೇಳಲಿಲ್ಲ, ನಿದ್ದೆ ಬರಲಿಲ್ಲ.
'ಅದನ್ನ ಕೊಯ್ಯಬ್ಯಾಡ.'

'ಮಾತೇ ಕೇಳಂಗಿಲ್ಲ ಹಂಗಾದ್ರ,' ಅಡುಗೆಮನೆಯಿಂದ ನಾಗಮ್ಮ,
'ಪಿಚ್ಚರದಾಗ ಆಕಿ ಅಳ್ತಾಳೋ ನಗ್ತಾಳೋ ತಿಳಿಬ್ಯಾಡೇನು?'

ಎರಡು ಸೆಟ್ಟಿಂಗು ಮಾಡಿದೆ.
ಒಂದಕ್ಕೆ 'ಮನೆ' ಎಂದು ಹೆಸರಿಟ್ಟೆ: ಸಪಾಟು ಗೆರೆ,
ಬಳೆಯ ಸದ್ದು ಬಳೆಯಷ್ಟೇ, ಮಳೆಯ ಸದ್ದು ಬೆನ್ನ ಹಿಂದೆ.
ಇನ್ನೊಂದಕ್ಕೆ 'ಸೂಗಪ್ಪ'.
ಅದರಲ್ಲೂ ಕೈ ತಡೆಯದೆ ಮೂರು ಡೆಸಿಬೆಲ್ ಕದ್ದೆ,
ಹೇಳಲಿಲ್ಲ.

ಅವರು ಸೋಫಾದಲ್ಲಿ ಕೂತು ಕಣ್ಣು ಮುಚ್ಚಿದರು.
ಅಂಗೈ ಗೋಡೆಗೆ ಹಚ್ಚಿ, ತೆಗೆದು, ಮತ್ತೆ ಹಚ್ಚಿದರು.
'ಲೋಡು ಇಳದದಲ್ಲೋ,' ಅಂದರು.

ನನ್ನ ಕಿವಿ ಬಿಸಿಯಾಯಿತು.
ಮೂರನ್ನೂ ಇದ್ದಲ್ಲಿಗೆ ಇಟ್ಟೆ.
ಶೋಕೇಸಿನ ಗಾಜು ಸಣ್ಣಗೆ ನಡುಗಿತು,
ಅವರ ಹೆಬ್ಬೆರಳು ಮಂಡಿಯ ಮೇಲೆ ಏನನ್ನೋ ಎಣಿಸುತ್ತಿತ್ತು.

ನಾಗಮ್ಮ ಮಜ್ಜಿಗೆ ತಂದವರು
ಗೋಡೆಗೆ ತೂಗಿದ ಬಿಳಿ ಗಾದಿಗಳನ್ನೇ ನೋಡಿ:
'ನಿಮ್ಮಪ್ಪಗ ಹೇಳು, ಹೂವಿನ ಕವರು ಹೊಲಿಲಿ.
ಮನಿ ದವಾಖಾನಿ ಕಂಡಂಗ ಕಾಣ್ತದ.'